ಸರಕು ಸಿದ್ಧವಾದ ಮೇಲೆ ಲಾರಿ ಕರೆಯಿರಿ

ಮಾನ್ಯ ಸಂಪಾದಕರೇ,

ದೊಡ್ಡ ಗೋದಾಮುಗಳ ಹೊರಗೆ ರಸ್ತೆಯಂಚಿನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವ ಲಾರಿಗಳ ವಿಚಾರ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದು ಸಂಚಾರ ದಟ್ಟಣೆಯ ಸುದ್ದಿಯಾಗಿಯೇ ಬರುತ್ತದೆ. ರಸ್ತೆ ಅಗಲವಾಗಬೇಕು, ಲಾರಿ ನಿಲುಗಡೆಗೆ ಪ್ರತ್ಯೇಕ ಜಾಗ ಬೇಕು, ಅಡ್ಡಾದಿಡ್ಡಿ ನಿಲ್ಲಿಸಿದವರಿಗೆ ದಂಡ ಹಾಕಬೇಕು ಎನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ. ಗೋದಾಮಿನ ರವಾನೆ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ, ಆ ಸಾಲಿನ ಮೂಲ ಗೇಟಿನ ಒಳಗಿದೆ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಸರಕು ಸಿದ್ಧವಾಗುವ ಮೊದಲೇ ಲಾರಿಯನ್ನು ಕರೆಸಿ ನಿಲ್ಲಿಸಿಕೊಳ್ಳುವುದು ಮತ್ತು ಹಾಗೆ ನಿಂತ ಹೊತ್ತಿಗೆ ಯಾರೂ ಲೆಕ್ಕ ಕೊಡದಿರುವುದು, ಈ ಎರಡು ಅಭ್ಯಾಸಗಳು ಬದಲಾಗದೆ ಎಷ್ಟು ಡಾಕ್ (ಲಾರಿ ಹಿಂಬದಿ ತಾಗಿಸಿ ಸರಕು ತುಂಬುವ ಬಾಗಿಲು) ಕಟ್ಟಿದರೂ, ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ ಲಾರಿಗಳು ಕಾಯುವುದು ತಪ್ಪುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೋಡಿಂಗ್ ಎಂಬ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲು ನೋಡೋಣ. 13.6 ಮೀಟರ್ ಉದ್ದದ ಟ್ರೇಲರ್‌ನ ನೆಲದ ಮೇಲೆ 1200 ಮಿ.ಮೀ. ಉದ್ದ, 1000 ಮಿ.ಮೀ. ಅಗಲದ, ಸರಕು ಪೇರಿಸಿಡುವ ಹಲಗೆಗಳಾದ 26 ಪ್ಯಾಲೆಟ್‌ಗಳು ಒಂದೇ ಪದರದಲ್ಲಿ ಕೂರುತ್ತವೆ. ಫೋರ್ಕ್‌ಲಿಫ್ಟ್ ಒಂದು ಪ್ಯಾಲೆಟ್ ಎತ್ತಿಕೊಂಡು, ಡಾಕ್ ದಾಟಿ, ಟ್ರೇಲರ್ ಒಳಗಿಟ್ಟು ಹಿಂದಿರುಗಲು 2 ನಿಮಿಷ ಹಿಡಿಯಿತೆಂದರೂ ಇಡೀ ಲಾರಿಗೆ 52 ನಿಮಿಷ ಸಾಕು. ಆದರೆ ಅದೇ ಲಾರಿ ಗೇಟಿಗೆ ಬಂದಾಗಿನಿಂದ ಸೀಲ್ ಹಾಕಿಸಿಕೊಂಡು ಹೊರಬೀಳುವವರೆಗೆ ಅರ್ಧ ದಿನ ಕಳೆದುಹೋಗುವುದು ಈ ಕಸುಬಿನಲ್ಲಿರುವ ಯಾರಿಗೂ ಹೊಸದಲ್ಲ. ಉಳಿದ ಹೊತ್ತೆಲ್ಲ ಹೋಗುವುದು ಸರಕಿಗಾಗಿ, ಕಾಗದಕ್ಕಾಗಿ, ಆಳಿಗಾಗಿ, ಬಾಗಿಲಿಗಾಗಿ ಕಾಯುವುದರಲ್ಲಿ. ಹೀಗಿದ್ದೂ ‘ಲೋಡಿಂಗ್ ತಡವಾಯಿತು’ ಎಂಬ ದೂರು ಬಂದ ಕೂಡಲೇ ಆಡಳಿತದವರ ಕಣ್ಣು ಬೀಳುವುದು ಹಮಾಲರ ಮೇಲೆ ಮತ್ತು ಫೋರ್ಕ್‌ಲಿಫ್ಟ್ ಚಾಲಕರ ಮೇಲೆ. 52 ನಿಮಿಷದ ಕೆಲಸವನ್ನು 45ಕ್ಕೆ ಇಳಿಸಲು ಅವರನ್ನು ಓಡಿಸುತ್ತಾರೆ. ಅದರ ಹಿಂದಿರುವ ನಾಲ್ಕು ಗಂಟೆಯ ಕಾಯುವಿಕೆಯನ್ನು ಯಾರೂ ಮುಟ್ಟುವುದಿಲ್ಲ.

ಆ ನಾಲ್ಕು ಗಂಟೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ರವಾನೆ ವಿಭಾಗದಲ್ಲಿ ಪದೇ ಪದೇ ಕಾಣುವ ಒಂದು ಪ್ರಸಂಗವನ್ನು ಹೇಳುತ್ತೇನೆ. ಲಾರಿ ಡಾಕ್‌ಗೆ ಹಿಂಬದಿ ತಾಗಿಸಿ ನಿಂತಿದೆ. 25 ಪ್ಯಾಲೆಟ್‌ಗಳು ಒಳಗೆ ಹೋಗಿವೆ. 26ನೆಯದು ಇಲ್ಲ. ವಿಚಾರಿಸಿದರೆ, ಆ ಬ್ಯಾಚ್‌ಗೆ ಗುಣಮಟ್ಟ ವಿಭಾಗದ ಬಿಡುಗಡೆ ಸಿಕ್ಕಿಲ್ಲ, ಅಥವಾ ಮೇಲಿನ ರ‍್ಯಾಕ್‌ನಿಂದ ಇಳಿಸಬೇಕಾದ ಯಂತ್ರ ಬೇರೆ ಸಾಲಿನಲ್ಲಿದೆ, ಅಥವಾ ಕಂಪ್ಯೂಟರ್ ತೋರಿಸುವ ಜಾಗದಲ್ಲಿ ಆ ಸರಕೇ ಇಲ್ಲ, ಹುಡುಕುತ್ತಿದ್ದಾರೆ. ಮೇಲ್ವಿಚಾರಕ ಫೋನ್ ಹಿಡಿದು ಓಡಾಡುತ್ತಾನೆ. ಒಂದು ಪ್ಯಾಲೆಟ್ ಬಿಟ್ಟು ಲಾರಿ ಕಳಿಸಲು ಅವನಿಗೆ ಅಧಿಕಾರವಿಲ್ಲ, ಏಕೆಂದರೆ ಇನ್‌ವಾಯ್ಸ್ 26ಕ್ಕೇ ಆಗಬೇಕು. ಲಾರಿಯನ್ನು ಡಾಕ್‌ನಿಂದ ಹೊರತೆಗೆಯಲು ಮನಸ್ಸಿಲ್ಲ, ಏಕೆಂದರೆ ‘ಇನ್ನು ಹತ್ತೇ ನಿಮಿಷ’ ಎಂದು ಒಳಗಿನಿಂದ ಹೇಳುತ್ತಿದ್ದಾರೆ. ಆ ಹತ್ತು ನಿಮಿಷ ಒಂದೂವರೆ ಗಂಟೆಯಾಗುತ್ತದೆ. ಅಷ್ಟು ಹೊತ್ತು ಡಾಕ್ ಕಟ್ಟಿಹಾಕಿದಂತಾಗಿ, ಸರಕು ಪೂರ್ತಿ ಸಿದ್ಧವಿರುವ ಮುಂದಿನ ಲಾರಿಯೂ ಅಂಗಳದಲ್ಲೇ ನಿಲ್ಲುತ್ತದೆ, ಅದರ ಹಿಂದಿನದು ಗೇಟಿನ ಹೊರಗೆ ನಿಲ್ಲುತ್ತದೆ.

ಇದಕ್ಕೆ ಮದ್ದು ಸರಳ, ಆದರೆ ಕಟ್ಟುನಿಟ್ಟು ಬೇಕು. ಲಾರಿಗೆ ಹೋಗಬೇಕಾದ ಅಷ್ಟೂ ಸರಕು ಡಾಕ್‌ನ ಮುಂದಿನ ಸ್ಟೇಜಿಂಗ್ ಜಾಗದಲ್ಲಿ ಜೋಡಣೆಯಾಗಿ, ಎಣಿಕೆಯಾಗಿ, ಸ್ಕ್ಯಾನ್ ಆಗುವವರೆಗೆ ಆ ಲಾರಿಯನ್ನು ಡಾಕ್‌ಗೆ ಹಚ್ಚಬಾರದು. ಅದಕ್ಕಿಂತ ಮುಖ್ಯವಾಗಿ, ಆ ಸರಕು ಯಾವ ಹೊತ್ತಿಗೆ ಸಿದ್ಧವಾಗುತ್ತದೆ ಎಂಬ ಭರವಸೆಯನ್ನು ಗೋದಾಮು ಕೊಡುವವರೆಗೆ ಲಾರಿಯನ್ನು ಕರೆಯಲೇಬಾರದು. ಈಗ ನಡೆಯುತ್ತಿರುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಕೆಲಸ. ಲಾರಿ ಕರೆಯುವವರು ಸಾಗಣೆ ವಿಭಾಗದವರು. ಅವರು ನೋಡುವುದು ಆರ್ಡರ್‌ನ ದಿನಾಂಕವನ್ನು. ಸರಕು ತೆಗೆಯುವವರು ಪಿಕ್ಕಿಂಗ್ ವಿಭಾಗದವರು; ಅವರು ನೋಡುವುದು ತಮ್ಮ ಪಾಳಿಯಲ್ಲಿ ಆರ್ಡರ್ ಪಟ್ಟಿಯ ಎಷ್ಟು ಸಾಲುಗಳ ಸರಕು ಪಿಕ್ ಆಯಿತು ಎಂಬುದನ್ನು. ಪಿಕ್ಕಿಂಗ್‌ನವರಿಗೆ ಸುಲಭವಾದ ಆರ್ಡರ್‌ಗಳು ಮೊದಲು ಮುಗಿಯುತ್ತವೆ, ಬಾಗಿಲಲ್ಲಿ ನಿಂತ ಲಾರಿಯ ಆರ್ಡರ್ ಯಾವುದೆಂದು ಅವರ ಪರದೆಯ ಮೇಲೆ ಕಾಣುವುದೇ ಇಲ್ಲ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಪಾಸಾಗುತ್ತಾರೆ. ಲಾರಿ ಮಾತ್ರ ನಿಂತಿರುತ್ತದೆ.

ಹಾಗಾಗಿ ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಮಾಡಬೇಕಾಗುತ್ತದೆ. ಲಾರಿ ಗೇಟು ದಾಟಿ ಹೊರಹೋಗಬೇಕಾದ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಕಾಗದಪತ್ರಕ್ಕೆ ಇಷ್ಟು, ಲೋಡಿಂಗ್‌ಗೆ ಇಷ್ಟು, ಎಣಿಕೆಗೆ ಇಷ್ಟು, ಪಿಕ್ಕಿಂಗ್‌ಗೆ ಇಷ್ಟು ಎಂದು ಕಳೆದುಕೊಂಡು ಬಂದರೆ ಪಿಕ್ಕಿಂಗ್ ಯಾವಾಗ ಶುರುವಾಗಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಒಂದೇ ಲಾರಿ ಹಲವು ಕಡೆ ಸರಕು ಇಳಿಸುವುದಾದರೆ ಕೊನೆಯಲ್ಲಿ ಇಳಿಯುವ ಸರಕು ಮೊದಲು ಒಳಗೆ ಹೋಗಬೇಕು. ಆದ್ದರಿಂದ ಸ್ಟೇಜಿಂಗ್‌ನಲ್ಲಿ ಅದೇ ಕ್ರಮದಲ್ಲಿ ನಿಲ್ಲಬೇಕು, ಪಿಕ್ ಆಗುವಾಗಲೂ ಅದೇ ಕ್ರಮದಲ್ಲಿ ಬರಬೇಕು. ಇದನ್ನು ನೋಡದೆ ಪಿಕ್ ಮಾಡಿದಾಗ ಡಾಕ್‌ನ ಬಾಯಲ್ಲಿ ನಿಂತು ಪ್ಯಾಲೆಟ್‌ಗಳನ್ನು ಅತ್ತಿಂದಿತ್ತ ಸರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಭಾರದ ಸರಕನ್ನು ಆಕ್ಸಲ್‌ಗಳ ಮೇಲೆ ಸಮನಾಗಿ ಹಂಚದಿದ್ದರೆ ತೂಕ ನೋಡಿದ ಮೇಲೆ ಮತ್ತೆ ಬಿಚ್ಚಿ ತುಂಬುವ ಕೆಲಸ ಬೇರೆ.

ಸ್ಟೇಜಿಂಗ್‌ಗೆ ನೆಲವೆಲ್ಲಿದೆ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಹೆಚ್ಚಿನ ಗೋದಾಮುಗಳನ್ನು ಕಟ್ಟುವಾಗ ರ‍್ಯಾಕ್‌ಗಳಿಗೆ ಎಷ್ಟು ಜಾಗ ಹಿಂಡಿಕೊಳ್ಳಬಹುದು ಎಂಬುದೇ ಮುಖ್ಯ ಲೆಕ್ಕವಾಗಿ, ಡಾಕ್‌ನ ಮುಂದಿನ ನೆಲಕ್ಕೆ ಉಳಿದಷ್ಟೇ ಗತಿಯಾಗಿರುತ್ತದೆ. ಇರುವ ಜಾಗದಲ್ಲೂ ರದ್ದಾದ ಆರ್ಡರ್‌ನ ಸರಕು, ವಾಪಸು ಬಂದ ಸರಕು, ಯಾರದೆಂದು ತಿಳಿಯದ ಖಾಲಿ ಪ್ಯಾಲೆಟ್‌ಗಳು ತುಂಬಿಕೊಂಡಿರುತ್ತವೆ. ಒಂದು ಡಾಕ್‌ಗೆ ಒಂದು ಪೂರ್ಣ ಲಾರಿಯ ಸರಕು ನಿಲ್ಲುವಷ್ಟು ಪಟ್ಟಿಯನ್ನು ನೆಲದ ಮೇಲೆ ಬಣ್ಣದಿಂದ ಗುರುತಿಸಿ, ಅದರಲ್ಲಿ ಆ ದಿನ ಹೊರಡುವ ಲಾರಿಯ ಸರಕಲ್ಲದೆ ಬೇರೇನೂ ಇಡಬಾರದು ಎಂಬ ನಿಯಮ ತಂದರೆ, ಹೊಸದಾಗಿ ಕಟ್ಟದೆಯೇ ಎಷ್ಟೋ ಜಾಗ ಹೊರಬರುತ್ತದೆ. ಅದೂ ಸಾಲದಿದ್ದರೆ ಹೊರಭಾಗದ ಒಂದೆರಡು ರ‍್ಯಾಕ್ ಸಾಲನ್ನು ತೆಗೆದುಹಾಕುವುದೇ ಲೇಸು. ದಾಸ್ತಾನು ವಿಭಾಗದವರು ಇದನ್ನು ಒಪ್ಪುವುದಿಲ್ಲ ಎಂಬುದನ್ನು ಬಲ್ಲೆ.

ಇನ್ನು ಎಲ್ಲ ಡಾಕ್‌ಗಳೂ ಸದಾ ತುಂಬಿರಬೇಕು, ಖಾಲಿ ಡಾಕ್ ಎಂದರೆ ನಷ್ಟ ಎಂಬ ನಂಬಿಕೆಯ ವಿಚಾರ. ಈ ನಂಬಿಕೆ ಎಷ್ಟು ದುಬಾರಿ ಎಂಬುದನ್ನು ಗಣಿತ ಬಹಳ ಹಿಂದೆಯೇ ತೋರಿಸಿದೆ. ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಬಗ್ಗೆ ಪ್ರಕಟಿಸಿದ ಕೆಲಸದಿಂದ ಶುರುವಾದ ಸರತಿ ಸಾಲಿನ ಶಾಸ್ತ್ರ ಲಾರಿಗಳಿಗೂ ಹಾಗೆಯೇ ಅನ್ವಯಿಸುತ್ತದೆ. ಅದರ ಅತಿ ಸರಳ ಮಾದರಿಯಲ್ಲಿ, ಅಂದರೆ ಡಾಕ್ ಒಂದೇ ಇದ್ದು, ಲಾರಿಗಳು ಗೊತ್ತುಗುರಿಯಿಲ್ಲದ ಹೊತ್ತಿಗೆ ಬರುತ್ತ, ಲೋಡಿಂಗ್ ಅವಧಿಯೂ ಒಂದೊಂದಕ್ಕೆ ಒಂದೊಂದು ಬಗೆಯಾಗಿರುವಾಗ, ಡಾಕ್ ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಲಾರಿ ಸರಾಸರಿ ಕಾಯುವುದು ಲೋಡಿಂಗ್ ಅವಧಿಯ 4 ಪಟ್ಟು. ಶೇ 90 ಆದರೆ 9 ಪಟ್ಟು. ಶೇ 95 ಆದರೆ 19 ಪಟ್ಟು. ಹೆಚ್ಚು ಡಾಕ್‌ಗಳಿದ್ದು ಎಲ್ಲಕ್ಕೂ ಒಂದೇ ಸಾಲು ಇದ್ದರೆ ಈ ಅಂಕಿಗಳು ಗಣನೀಯವಾಗಿ ಇಳಿಯುತ್ತವೆ, ಆದರೆ ಕೊನೆಯ ಕೆಲವು ಶೇಕಡಾವಾರಿನಲ್ಲಿ ಕಾಯುವಿಕೆ ಗಗನಕ್ಕೇರುವ ಗುಣ ಹೋಗುವುದಿಲ್ಲ. ಬಿಡುವಿರುವ ಡಾಕ್ ಅನ್ನು ಕಂಡು ಸಿಡಿಮಿಡಿಗೊಳ್ಳುವ ವ್ಯವಸ್ಥಾಪಕರು ಆ ಬಿಡುವನ್ನು ತುಂಬಿಸಿ ಉಳಿಸುವುದಕ್ಕಿಂತ ಹೆಚ್ಚಿನದನ್ನು ಹೊರಗಿನ ಸಾಲಿನಲ್ಲಿ ಕಳೆಯುತ್ತಾರೆ, ಆದರೆ ಆ ನಷ್ಟ ಅವರ ಖಾತೆಯಲ್ಲಿ ಬರೆಯಲ್ಪಡುವುದಿಲ್ಲ. ‘ಈ ಬಾಗಿಲು ಈ ಗ್ರಾಹಕರಿಗೆ, ಆ ಬಾಗಿಲು ಆ ಟ್ರಾನ್ಸ್‌ಪೋರ್ಟ್‌ನವರಿಗೆ’ ಎಂದು ಡಾಕ್‌ಗಳನ್ನು ಹಂಚಿ ಮೀಸಲಿಡುವ ಪದ್ಧತಿಯೂ ಇದೇ ಕಾರಣಕ್ಕೆ ಹಾನಿಕರ: ಒಂದು ಬಾಗಿಲು ಖಾಲಿ ಬಿದ್ದಿರುವಾಗಲೇ ಪಕ್ಕದ ಬಾಗಿಲಿಗೆ ಐದು ಲಾರಿ ಕಾಯುತ್ತವೆ.

ಇದೇ ಶಾಸ್ತ್ರದಲ್ಲಿ 1961ರಲ್ಲಿ ಬಂದ ಎರಡು ಫಲಿತಾಂಶಗಳು ಗೋದಾಮಿನವರಿಗೆ ಬಹಳ ಉಪಯುಕ್ತ. ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ನಿಯಮದ ಪ್ರಕಾರ ಅಂಗಳದಲ್ಲಿರುವ ಲಾರಿಗಳ ಸರಾಸರಿ ಸಂಖ್ಯೆ ಎಂದರೆ ಗಂಟೆಗೆ ಬರುವ ಲಾರಿಗಳನ್ನು ಪ್ರತಿ ಲಾರಿ ಅಲ್ಲಿ ಕಳೆಯುವ ಗಂಟೆಗಳಿಂದ ಗುಣಿಸಿದಷ್ಟು. ಗಂಟೆಗೆ 6 ಲಾರಿ ಬಂದು ಒಂದೊಂದೂ 4 ಗಂಟೆ ಇದ್ದರೆ 24 ಲಾರಿಗಳಿಗೆ ಜಾಗ ಬೇಕು. ಅದೇ 2 ಗಂಟೆಗೆ ಇಳಿದರೆ 12ಕ್ಕೆ ಸಾಕು. ನಿಲುಗಡೆಗೆ ಹೊಸ ಜಮೀನು ಕೇಳುವ ಮೊದಲು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಎರಡನೆಯದು ಜಾನ್ ಕಿಂಗ್‌ಮನ್ ಕೊಟ್ಟ ಅಂದಾಜು ಸೂತ್ರ. ಕಾಯುವ ಹೊತ್ತು ಮೂರು ಸಂಗತಿಗಳ ಗುಣಲಬ್ಧ ಎನ್ನುತ್ತದೆ ಅದು: ಡಾಕ್ ಎಷ್ಟು ತುಂಬಿದೆ, ಒಂದು ಲೋಡಿಂಗ್‌ಗೆ ಎಷ್ಟು ಹೊತ್ತು ಬೇಕು, ಮತ್ತು ಲಾರಿಗಳ ಆಗಮನದಲ್ಲೂ ಲೋಡಿಂಗ್ ಅವಧಿಯಲ್ಲೂ ಎಷ್ಟು ಏರುಪೇರಿದೆ. ನಮ್ಮವರು ಮೊದಲೆರಡನ್ನು ಬಲ್ಲರು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂತ್ರದಲ್ಲಿ ಏರುಪೇರನ್ನು ಅಳೆಯುವ ಆ ಅಂಶವನ್ನು ಅರ್ಧಕ್ಕೆ ಇಳಿಸಿದರೆ, ಒಂದೂ ಹೊಸ ಡಾಕ್ ಕಟ್ಟದೆ, ಒಬ್ಬ ಹೊಸ ಆಳನ್ನೂ ತರದೆ ಕಾಯುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಆಗಮನದ ಏರುಪೇರು ಎಲ್ಲಿಂದ ಬರುತ್ತದೆ? ಬಹುಪಾಲು ನಾವೇ ಮಾಡಿಕೊಂಡದ್ದು. ‘ನಾಳೆ ಬೆಳಿಗ್ಗೆ ಲಾರಿ ಕಳಿಸಿ’ ಎಂದು ಹತ್ತು ಸಾಗಣೆದಾರರಿಗೆ ಒಂದೇ ಮಾತು ಹೇಳಿದರೆ, ಸರತಿಯಲ್ಲಿ ಹಿಂದೆ ಬೀಳಬಾರದೆಂದು ಎಲ್ಲರೂ ಗೇಟು ತೆರೆಯುವ ಮೊದಲೇ ಬಂದು ನಿಲ್ಲುತ್ತಾರೆ. ಮೊದಲು ಬಂದವರಿಗೆ ಮೊದಲ ಸೇವೆ ಎಂಬ ನಿಯಮ ನ್ಯಾಯವಾಗಿ ಕಂಡರೂ ಅದು ಬೇಗ ಬಂದು ಕಾಯುವವರಿಗೆ ಬಹುಮಾನ ಕೊಡುತ್ತದೆ. ಬೆಳಿಗ್ಗೆ ಇಡೀ ಅಂಗಳ ಉಸಿರುಗಟ್ಟಿ, ಮಧ್ಯಾಹ್ನದ ಹೊತ್ತಿಗೆ ಡಾಕ್‌ಗಳು ಬಿಕೋ ಎನ್ನುತ್ತವೆ.

ಸಮಯ ನಿಗದಿ, ಅಂದರೆ ಪ್ರತಿ ಲಾರಿಗೂ ಇಂತಿಷ್ಟು ಹೊತ್ತಿಗೆ ಬರಬೇಕೆಂಬ ಸ್ಲಾಟ್ ಕೊಡುವುದು ಇದಕ್ಕೆ ಗೊತ್ತಿರುವ ಪರಿಹಾರ. ಆದರೆ ಅದನ್ನು ಜಾರಿಗೆ ತರುವ ಬಗೆಯಲ್ಲೇ ಹೆಚ್ಚಿನ ಕಡೆ ಎಡವುತ್ತಾರೆ. ಪ್ಯಾಲೆಟ್ ಲೋಡಿಗೂ ಬಿಡಿ ಪೆಟ್ಟಿಗೆಗಳನ್ನು ಕೈಯಿಂದ ಜೋಡಿಸಬೇಕಾದ ಲೋಡಿಗೂ ಒಂದೇ ಅಳತೆಯ ಸ್ಲಾಟ್ ಕೊಡುತ್ತಾರೆ. ಮೊದಲನೆಯದು ಒಂದು ಗಂಟೆಯೊಳಗೆ ಮುಗಿದರೆ ಎರಡನೆಯದಕ್ಕೆ ಮೂರು ಗಂಟೆಯೂ ಹಿಡಿಯಬಹುದು. ಬೆಳಿಗ್ಗೆ ಒಂದು ಬಿಡಿ ಲೋಡು ಬಂದರೆ ಆ ಡಾಕ್‌ನ ದಿನದ ವೇಳಾಪಟ್ಟಿ ಅಲ್ಲಿಗೆ ಮುಗಿಯಿತು. ಲೋಡಿನ ಬಗೆ ನೋಡಿ ಸ್ಲಾಟ್‌ನ ಉದ್ದ ನಿರ್ಧರಿಸಬೇಕು, ಬಿಡಿ ಲೋಡುಗಳನ್ನು ಒಂದೆರಡು ಡಾಕ್‌ಗಳಿಗೆ ಒಟ್ಟುಮಾಡಬೇಕು, ನಡುನಡುವೆ ಖಾಲಿ ಸ್ಲಾಟ್ ಬಿಡಬೇಕು. ಡಾಕ್‌ಗಳನ್ನು ಹಂಚಿ ಮೀಸಲಿಡಬಾರದೆಂದು ಮೇಲೆ ಹೇಳಿದ್ದಕ್ಕೆ ಇದು ವಿರುದ್ಧವಲ್ಲ: ಅಲ್ಲಿ ಹಂಚಿದ್ದು ಗ್ರಾಹಕರ ಹೆಸರು ನೋಡಿ, ಇಲ್ಲಿ ಬೇರ್ಪಡಿಸುವುದು ಕೆಲಸದ ಉದ್ದ ನೋಡಿ. ಆಸ್ಪತ್ರೆಯ ಹೊರರೋಗಿ ವಿಭಾಗದ ಸಮಯ ನಿಗದಿಯ ಬಗ್ಗೆ 1952ರಲ್ಲಿ ವೆಲ್ಚ್ ಮತ್ತು ಬೈಲಿ ಎಂಬಿಬ್ಬರು ನಡೆಸಿದ ಅಧ್ಯಯನದಿಂದ ಬಂದ ಒಂದು ಸರಳ ಕ್ರಮ ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಸೇವೆಯ ಸರಾಸರಿ ಅವಧಿಗೆ ಒಬ್ಬರಂತೆ ಕರೆಯಿರಿ. ಮೊದಲಿನವರು ತಡವಾದರೂ ಬಾಗಿಲು ಖಾಲಿ ಬೀಳುವುದಿಲ್ಲ, ಬಂದವರು ವಿಪರೀತ ಕಾಯುವುದೂ ಇಲ್ಲ.

ಸ್ಲಾಟ್ ತಪ್ಪಿದ ಲಾರಿಗೆ ದಂಡ, ಲಾರಿ ಸಮಯಕ್ಕೆ ಬಂದರೂ ಲೋಡು ಮಾಡದ ಗೋದಾಮಿಗೆ ಏನೂ ಇಲ್ಲ ಎಂಬ ಒಮ್ಮುಖ ನಿಯಮ ಈ ವ್ಯವಸ್ಥೆಯ ಎರಡನೆಯ ದೋಷ, ನನ್ನ ಪ್ರಕಾರ ದೊಡ್ಡ ದೋಷ. ಲಾರಿ ತಡವಾಗುವುದಕ್ಕೆ ಎಷ್ಟೋ ಸಲ ಹಿಂದಿನ ಗೋದಾಮಿನಲ್ಲಿ ಆದ ವಿಳಂಬವೇ ಕಾರಣ. ಒಂದು ಕಡೆಯ ಕಾಯುವಿಕೆ ಸರಪಳಿಯಂತೆ ಮುಂದಿನ ಕಡೆಗೂ ಹೋಗುತ್ತದೆ. ಸಿಡ್ನಿಯ ಪೋರ್ಟ್ ಬಾಟನಿ ಬಂದರಿನಲ್ಲಿ ಕಂಟೇನರ್ ಲಾರಿಗಳ ಸಾಲು ಮಿತಿಮೀರಿದಾಗ ನ್ಯೂ ಸೌತ್ ವೇಲ್ಸ್ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಾವಳಿ ಈ ವಿಷಯದಲ್ಲಿ ಮಾದರಿ. ಸ್ಲಾಟ್‌ಗೆ ಸರಿಯಾಗಿ ಬಾರದ ಸಾಗಣೆದಾರ ಟರ್ಮಿನಲ್‌ಗೆ ದಂಡ ಕೊಡಬೇಕು. ಸರಿಯಾಗಿ ಬಂದ ಲಾರಿಯನ್ನು ನಿಗದಿತ ಅವಧಿಯಲ್ಲಿ ಕಳಿಸದ ಟರ್ಮಿನಲ್ ಸಾಗಣೆದಾರನಿಗೆ ದಂಡ ಕೊಡಬೇಕು. ಇಬ್ಬರ ಕೈಯಲ್ಲೂ ಗಡಿಯಾರ ಇದ್ದರೆ ಮಾತ್ರ ಸ್ಲಾಟ್‌ಗೆ ಬೆಲೆ ಬರುತ್ತದೆ.

ಗೇಟು ಮತ್ತು ಕಾಗದಪತ್ರದ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ವಾಹನದ ದಾಖಲೆ, ಚಾಲಕನ ಗುರುತು, ಯಾವ ಆರ್ಡರ್ ಎಂಬ ಮಾಹಿತಿಯನ್ನು ಲಾರಿ ಹೊರಡುವಾಗಲೇ ತರಿಸಿಕೊಂಡರೆ ಗೇಟಿನಲ್ಲಿ ಪುಸ್ತಕ ಬರೆಯುವ ಕೆಲಸ ತಪ್ಪುತ್ತದೆ. ಇನ್‌ವಾಯ್ಸ್ ಮಾತ್ರ ತುಸು ಗಂಭೀರ ವಿಷಯ. ಎಷ್ಟು ಸರಕು ಹೋಯಿತೆಂದು ಖಾತ್ರಿಯಾಗದೆ ಇನ್‌ವಾಯ್ಸ್ ಮಾಡಬಾರದೆಂದು ಲೆಕ್ಕಪತ್ರದವರು ಲೋಡಿಂಗ್ ಮುಗಿಯುವವರೆಗೆ ಕಾಯುತ್ತಾರೆ, ಆಮೇಲೆ ಕಂಪ್ಯೂಟರಿನ ಮುಂದೆ ಸಾಲು ಬೆಳೆಯುತ್ತದೆ. ಎಣಿಕೆಯನ್ನು ಸ್ಟೇಜಿಂಗ್‌ನಲ್ಲೇ ಮುಗಿಸಿದ್ದರೆ ಲೋಡಿಂಗ್ ನಡೆಯುತ್ತಿರುವಾಗಲೇ ಇನ್‌ವಾಯ್ಸ್ ಸಿದ್ಧವಾಗಬಹುದು. ಕೊನೆಯ ಪ್ಯಾಲೆಟ್ ಒಳಗೆ ಹೋಗುವ ಹೊತ್ತಿಗೆ ಕಾಗದ ಚಾಲಕನ ಕೈಯಲ್ಲಿರಬೇಕು. ಲಾರಿ ತೂಗುವ ವೇಬ್ರಿಜ್‌ನಲ್ಲಿ ಖಾಲಿ ತೂಕ, ತುಂಬಿದ ತೂಕಗಳ ವ್ಯತ್ಯಾಸ ಕಾಗದದ ತೂಕಕ್ಕೆ ಹೊಂದದಿದ್ದಾಗ ಎಷ್ಟರವರೆಗಿನ ವ್ಯತ್ಯಾಸಕ್ಕೆ ಲಾರಿ ಬಿಡಬಹುದು, ಯಾರು ಬಿಡಬಹುದು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ರಾತ್ರಿ ಪಾಳಿಯಲ್ಲಿ ಸಹಿ ಹಾಕುವ ಅಧಿಕಾರಿ ಇಲ್ಲದ್ದಕ್ಕೆ ಬೆಳಗಿನವರೆಗೆ ನಿಂತ ಲಾರಿಗಳನ್ನು ಕಂಡವನು ನಾನು.

ಪಾಳಿ ಬದಲಾವಣೆಯ ಹೊತ್ತೂ ಹಾಗೆಯೇ ಸೋರಿಹೋಗುವ ಹೊತ್ತು. ಸೀಸ-ಆಮ್ಲ ಬ್ಯಾಟರಿಯ ಫೋರ್ಕ್‌ಲಿಫ್ಟ್‌ಗಳಿಗೆ ಎಂಟು ಗಂಟೆ ಕೆಲಸ, ಎಂಟು ಗಂಟೆ ಚಾರ್ಜ್, ಎಂಟು ಗಂಟೆ ತಣಿಯುವಿಕೆ ಎಂಬುದು ರೂಢಿಯ ಲೆಕ್ಕ. ಹಾಗಾಗಿ ಬ್ಯಾಟರಿ ಬದಲಿಸುವುದೂ ಪಾಳಿ ಬದಲಾಗುವುದೂ ಒಟ್ಟಿಗೆ ಬಂದು, ಎಲ್ಲ ಡಾಕ್‌ಗಳೂ ಒಂದೇ ಹೊತ್ತಿಗೆ ನಿಶ್ಚಲವಾಗುತ್ತವೆ. ಅರ್ಧದಷ್ಟು ತಂಡದ ಪಾಳಿಯನ್ನು ಅರ್ಧ ಗಂಟೆ ಹಿಂದುಮುಂದು ಮಾಡಿದರೆ ಸಾಕು, ಇದಕ್ಕೆ ಹಣ ಬೇಕಿಲ್ಲ.

ಟ್ರೇಲರ್ ಬಿಟ್ಟುಹೋಗುವ ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಎಳೆಯುವ ಎಂಜಿನ್ ಭಾಗ ಬೇರೆ, ಟ್ರೇಲರ್ ಬೇರೆ ಇರುವಲ್ಲಿ ಚಾಲಕ ಖಾಲಿ ಟ್ರೇಲರ್ ಬಿಟ್ಟು, ಮೊದಲೇ ತುಂಬಿಟ್ಟ ಇನ್ನೊಂದನ್ನು ಕಟ್ಟಿಕೊಂಡು ಹೊರಡಬಹುದು. ಲೋಡಿಂಗ್‌ಗೂ ಚಾಲಕನ ಹೊತ್ತಿಗೂ ಸಂಬಂಧವೇ ಇರುವುದಿಲ್ಲ. ದಿನವೂ ಒಂದೇ ಮಾರ್ಗದಲ್ಲಿ ಒಂದೇ ಸಾಗಣೆದಾರ ಓಡುವ ಕಡೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಹೆಚ್ಚುವರಿ ಟ್ರೇಲರ್‌ಗಳು ಬೇಕು, ಅಂಗಳ ದೊಡ್ಡದಿರಬೇಕು, ಒಳಗೆ ಟ್ರೇಲರ್ ಎಳೆದಾಡಲು ಒಂದು ಎಂಜಿನ್ ಮೀಸಲಿರಬೇಕು. ಒಂದೇ ಲಾರಿಯ ಮಾಲೀಕರಿಗೆ ಇದು ನಿಲುಕುವುದಿಲ್ಲ. ಅಲ್ಲದೆ ಸರಕನ್ನು ಸಮಯಕ್ಕೆ ಸಿದ್ಧಮಾಡದ ಗೋದಾಮಿನಲ್ಲಿ, ನಿಂತ ಲಾರಿಗಳ ಬದಲು ನಿಂತ ಟ್ರೇಲರ್‌ಗಳು ತುಂಬಿಕೊಳ್ಳುತ್ತವೆ, ಅಷ್ಟೇ.

ಈಗ ಎಲ್ಲಕ್ಕೂ ಬುಡದಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಲಾರಿ ನಿಂತ ಹೊತ್ತಿನ ಖರ್ಚು ಯಾರದು? ಒಪ್ಪಂದದಲ್ಲಿ ಇಷ್ಟು ಗಂಟೆ ಉಚಿತ, ಆಮೇಲೆ ಹಾಲ್ಟಿಂಗ್ ಚಾರ್ಜ್ ಎಂದು ಬರೆದಿರುತ್ತದೆ. ಆದರೆ ಅದನ್ನು ಕೇಳಿದ ಸಣ್ಣ ಮಾಲೀಕನಿಗೆ ಮುಂದಿನ ಲೋಡು ಸಿಗುತ್ತದೆಂಬ ಖಾತ್ರಿಯಿಲ್ಲ. ಕೇಳಿದರೂ ಬಂದ ಹೊತ್ತು ಯಾವುದೆಂಬುದಕ್ಕೆ ಅವನ ಬಳಿ ಗೋದಾಮಿನವರ ಸಹಿಯಿಲ್ಲ. ಕಿಲೋಮೀಟರಿಗೋ ಟ್ರಿಪ್ಪಿಗೋ ಸಂಬಳ ಪಡೆಯುವ ಚಾಲಕನಿಗಂತೂ ನಿಂತ ಹೊತ್ತು ಪೂರ್ತಿ ನಷ್ಟ. ಗೋದಾಮಿನ ಕಡೆಯಿಂದ ನೋಡಿದರೆ ಬಾಗಿಲಲ್ಲಿ ಹತ್ತು ಲಾರಿ ನಿಂತಿರುವುದು ಪುಕ್ಕಟೆ ಸಿಕ್ಕ ಅನುಕೂಲ: ಯಾವ ಆರ್ಡರ್ ಸಿದ್ಧವಾದರೂ ತುಂಬಲು ಒಂದು ಲಾರಿ ಇದ್ದೇ ಇರುತ್ತದೆ. ಪುಕ್ಕಟೆ ಸಿಗುವುದನ್ನು ಯಾರೂ ಮಿತವಾಗಿ ಬಳಸುವುದಿಲ್ಲ.

ಈ ನಷ್ಟ ಹಣಕ್ಕೆ ನಿಲ್ಲುವುದೂ ಇಲ್ಲ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ನಾಲ್ಕೂವರೆ ಗಂಟೆ ಚಾಲನೆಯ ನಂತರ 45 ನಿಮಿಷ ವಿರಾಮ ಕಡ್ಡಾಯ, ದಿನದ ಚಾಲನೆಗೆ ಸಾಮಾನ್ಯವಾಗಿ 9 ಗಂಟೆಯ ಮಿತಿ. ಅಮೆರಿಕದಲ್ಲಿ ಸರಕು ಲಾರಿ ಚಾಲಕ ಕೆಲಸ ಆರಂಭಿಸಿದ 14 ಗಂಟೆಯ ಅವಧಿಯೊಳಗೆ ಗರಿಷ್ಠ 11 ಗಂಟೆ ಓಡಿಸಬಹುದು. ಡಾಕ್‌ನಲ್ಲಿ ಕಾಯ್ದ ಹೊತ್ತೂ ಸಾಮಾನ್ಯವಾಗಿ ಆ 14 ಗಂಟೆಯಲ್ಲೇ ಕಳೆದುಹೋಗುತ್ತದೆ. ಹೀಗೆ ಕಳೆದ ಹೊತ್ತನ್ನು ಚಾಲಕ ರಸ್ತೆಯಲ್ಲಿ ವಸೂಲಿ ಮಾಡಲು ನೋಡುತ್ತಾನೆ. ಅಮೆರಿಕದ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2018ರಲ್ಲಿ ನೀಡಿದ ವರದಿಯ ಅಂದಾಜಿನಂತೆ, ಲೋಡಿಂಗ್-ಅನ್‌ಲೋಡಿಂಗ್ ಸ್ಥಳದಲ್ಲಿ ಲಾರಿ ನಿಲ್ಲುವ ಸರಾಸರಿ ಹೊತ್ತು 15 ನಿಮಿಷ ಹೆಚ್ಚಿದರೆ ನಿರೀಕ್ಷಿತ ಅಪಘಾತದ ದರ ಶೇ 6.2ರಷ್ಟು ಏರುತ್ತದೆ. ಡಾಕ್‌ನಲ್ಲಿ ‘ಇನ್ನು ಹತ್ತೇ ನಿಮಿಷ’ ಎನ್ನುವವರ ಕಣ್ಣಿಗೆ ಈ ಅಂಕಿ ಬೀಳಬೇಕು.

ಕಾಯುವ ಚಾಲಕರಿಗೆ ಶೌಚಾಲಯ, ಕುಡಿಯುವ ನೀರು, ಕೂರಲು ನೆರಳು ಇರಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಇವು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ವಿಶ್ರಾಂತಿ ಕೊಠಡಿ ಕಟ್ಟಿಸಿದ್ದೇವೆ ಎಂಬುದೇ ಆರು ಗಂಟೆ ನಿಲ್ಲಿಸಿಕೊಳ್ಳಲು ಪರವಾನಗಿಯಾಗಬಾರದು.

ಕಾನೂನಿನಿಂದ ಎಷ್ಟು ಸಾಧ್ಯ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆಯೂ ಒಂದು ಎಚ್ಚರಿಕೆಯೂ ಇವೆ. ಸ್ಪೇನ್ 2022ರಲ್ಲಿ ತಂದ ಕಾನೂನಿನಲ್ಲಿ ಏಳೂವರೆ ಟನ್ ಮೀರಿದ ವಾಹನಗಳ ಚಾಲಕರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸರಕು ತುಂಬುವ ಇಳಿಸುವ ಕೆಲಸ ಮಾಡಕೂಡದೆಂದು ನಿಷೇಧಿಸಿತು. ಕಾಯುವಿಕೆಗೆ ಪರಿಹಾರ ಶುರುವಾಗುವ ಮಿತಿಯನ್ನು ಎರಡು ಗಂಟೆಯಿಂದ ಒಂದು ಗಂಟೆಗೆ ಇಳಿಸಿತು. ಎಚ್ಚರಿಕೆ ಕ್ಯಾಲಿಫೋರ್ನಿಯಾದ್ದು. ಅಲ್ಲಿ 2002ರಲ್ಲಿ ಅಂಗೀಕಾರವಾದ ಕಾಯ್ದೆ, ಬಂದರಿನ ಗೇಟಿನಲ್ಲಿ ಲಾರಿಯೊಂದು 30 ನಿಮಿಷಕ್ಕಿಂತ ಹೆಚ್ಚು ಎಂಜಿನ್ ಚಾಲೂ ಇಟ್ಟು ಸಾಲಿನಲ್ಲಿ ನಿಂತರೆ ಟರ್ಮಿನಲ್‌ಗೆ 250 ಡಾಲರ್ ದಂಡ ವಿಧಿಸಿತು, ಸಮಯ ನಿಗದಿ ವ್ಯವಸ್ಥೆ ತಂದವರಿಗೆ ವಿನಾಯಿತಿಯನ್ನೂ ಕೊಟ್ಟಿತು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಇದರ ಪರಿಣಾಮವನ್ನು ಪರಿಶೀಲಿಸಿದ ಸಂಶೋಧಕರಿಗೆ ಆ ಸಮಯ ನಿಗದಿಯಿಂದ ಸಾಲು ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ಗೇಟಿನ ಹೊರಗಿನ ಹೊತ್ತನ್ನು ಮಾತ್ರ ಅಳೆದರೆ ಲಾರಿಯನ್ನು ಒಳಗೆಳೆದು ನಿಲ್ಲಿಸುತ್ತಾರೆ. ಒಳಗಿನ ಹೊತ್ತನ್ನು ಮಾತ್ರ ಅಳೆದರೆ ಹೊರಗೆ ರಸ್ತೆಯಲ್ಲಿ ನಿಲ್ಲಿಸುತ್ತಾರೆ. ಎರಡನೆಯ ಚಾಳಿ ನಾನು ಕಂಡ ಗೋದಾಮುಗಳಲ್ಲಿ ಸಾಮಾನ್ಯವಾಗಿತ್ತು. ಗೇಟ್ ಪಾಸ್ ಕೊಟ್ಟ ಕ್ಷಣದಿಂದ ಲೆಕ್ಕ ಶುರುವಾಗುವುದರಿಂದ ಗೇಟ್ ಪಾಸನ್ನೇ ತಡವಾಗಿ ಕೊಡುವುದು. ತಿಂಗಳ ವರದಿಯಲ್ಲಿ ಅಂಕಿಗಳು ಹೊಳೆಯುತ್ತವೆ, ಹೊರಗೆ ಸಾಲು ಹಾಗೇ ಇರುತ್ತದೆ.

ಆದ್ದರಿಂದ ಅಳತೆ ಚಾಲಕನ ಕೈಯಿಂದಲೇ ಶುರುವಾಗಬೇಕು. ಗೇಟಿಗೆ ಬಂದ ಹೊತ್ತನ್ನು ಅವನು ಫೋನಿನಲ್ಲೋ ಗೇಟಿನ ಬಳಿಯ ಯಂತ್ರದಲ್ಲೋ ತಾನೇ ದಾಖಲಿಸುವಂತಿರಬೇಕು. ಆಮೇಲೆ ಒಳಗೆ ಬಿಟ್ಟ ಹೊತ್ತು, ಡಾಕ್‌ಗೆ ಹಚ್ಚಿದ ಹೊತ್ತು, ಮೊದಲ ಮತ್ತು ಕೊನೆಯ ಪ್ಯಾಲೆಟ್ ಹೋದ ಹೊತ್ತು, ಕಾಗದ ಕೊಟ್ಟ ಹೊತ್ತು, ಹೊರಬಿದ್ದ ಹೊತ್ತು ಸೇರಬೇಕು. ನಿಗದಿತ ಸ್ಲಾಟ್‌ಗಿಂತ ಮೊದಲೇ ಬಂದ ಹೊತ್ತನ್ನು ಬೇಕಾದರೆ ಬೇರೆ ಇಡಬಹುದು. ಸರಾಸರಿಯನ್ನು ನಂಬಬಾರದು: ಹತ್ತರಲ್ಲಿ ಒಂಬತ್ತು ಲಾರಿ ಒಂದೂವರೆ ಗಂಟೆಗೆ ಹೋಗಿ ಹತ್ತನೆಯದು ಹನ್ನೊಂದೂವರೆ ಗಂಟೆ ನಿಂತರೂ ಸರಾಸರಿ ಎರಡೂವರೆ ಗಂಟೆ ಎಂದು ಸಮಾಧಾನವಾಗಿ ಕಾಣುತ್ತದೆ. ಅತಿ ಹೆಚ್ಚು ನಿಂತ ಲಾರಿಗಳನ್ನೇ ವಾರಕ್ಕೊಮ್ಮೆ ತೆಗೆದು, ಯಾವ ಹಂತದಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಸಾಗಣೆ, ಪಿಕ್ಕಿಂಗ್, ಲೆಕ್ಕಪತ್ರ ವಿಭಾಗದವರು ಒಂದೇ ಮೇಜಿನ ಸುತ್ತ ಕೂತು ನೋಡಬೇಕು. ದಿನಕ್ಕೆ ಹತ್ತು ಹದಿನೈದು ಲಾರಿ ಬರುವ ಕಡೆ ಇದಕ್ಕೆ ಒಂದು ಬಿಳಿ ಹಲಗೆ, ಒಂದು ಪೆನ್ನು ಸಾಕು. ಸಾಫ್ಟ್‌ವೇರ್ ಮಾರುವವರು ಬೇಸರಪಟ್ಟುಕೊಳ್ಳಬಾರದು.

ಇಷ್ಟೆಲ್ಲ ಮಾಡಿದರೂ ತಿಂಗಳ ಕೊನೆಯ ವಾರ ಎಲ್ಲವನ್ನೂ ಕೆಡಿಸಬಹುದು. ಮಾರಾಟದ ಗುರಿ ತಿಂಗಳ ಲೆಕ್ಕದಲ್ಲಿರುವುದರಿಂದ ಮೊದಲ ಮೂರು ವಾರ ತೂಕಡಿಸುವ ಆರ್ಡರ್‌ಗಳು ಕೊನೆಯ ವಾರ ಒಮ್ಮೆಲೇ ಮುಗಿಬೀಳುತ್ತವೆ. ಇದನ್ನು ರವಾನೆ ವಿಭಾಗದ ಯಾವ ಜಾಣ್ಮೆಯೂ ಸರಿಪಡಿಸಲಾರದು. ಗುರಿಯನ್ನು ವಾರಕ್ಕೆ ಹಂಚುವ ಇಲ್ಲವೇ ಬೇಗ ಆರ್ಡರ್ ಕೊಡುವ ಗ್ರಾಹಕರಿಗೆ ರಿಯಾಯಿತಿ ನೀಡುವ ತೀರ್ಮಾನ ಆಡಳಿತ ಮಂಡಳಿಯದು. ಆ ವಾರದ ಹಾಲ್ಟಿಂಗ್ ಚಾರ್ಜ್ ಮಾರಾಟ ವಿಭಾಗದ ಖರ್ಚಿಗೆ ಹೋಗುವಂತೆ ಮಾಡಿದರೆ ತೀರ್ಮಾನ ಬೇಗ ಬರುತ್ತದೆ ಎಂದು ನನ್ನ ಊಹೆ.

ಸಾಗಣೆದಾರರ ಸಂಘಗಳು ಬಾಡಿಗೆ ದರ ಏರಿಕೆಯ ಮಾತುಕತೆಗೆ ಕೂರುವಾಗ ದರದ ಜೊತೆಗೆ ಒಪ್ಪಂದದ ಒಂದು ಕಲಮಿಗೂ ಪಟ್ಟು ಹಿಡಿಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ: ಚಾಲಕ ಗೇಟಿನಲ್ಲಿ ದಾಖಲಿಸಿದ ಹೊತ್ತಿನಿಂದ, ಅಥವಾ ಅವನ ಸ್ಲಾಟ್ ನಂತರದ್ದಾಗಿದ್ದರೆ ಆ ಹೊತ್ತಿನಿಂದ, ಲೆಕ್ಕ ಶುರುವಾಗಬೇಕು, ಉಚಿತ ಅವಧಿ ಮುಗಿದ ಮೇಲಿನ ಹಾಲ್ಟಿಂಗ್ ಚಾರ್ಜ್ ಅನ್ನು ಯಾರೂ ಅರ್ಜಿ ಹಾಕದೆಯೇ ಬಾಡಿಗೆಯ ಬಿಲ್ಲಿಗೆ ಗೋದಾಮಿನವರೇ ಸೇರಿಸಿ ಕೊಡಬೇಕು, ಅದರಲ್ಲಿ ಗೊತ್ತುಮಾಡಿದ ಒಂದು ಪಾಲು ಚಾಲಕನಿಗೆ ಸೇರಬೇಕು. ದೊಡ್ಡ ಸಾಗಣೆದಾರರು ಈ ಕಲಮನ್ನು ಕೇಳಿ ಪಡೆಯಬಲ್ಲರು. ಒಂದೇ ಲಾರಿಯ ಮಾಲೀಕರಿಗೆ ಅದು ತಾನಾಗಿ ಸಿಗಬೇಕಾದರೆ ಸರ್ಕಾರವೇ ಅದನ್ನು ಎಲ್ಲ ಸಾಗಣೆ ಒಪ್ಪಂದಗಳಿಗೂ ಕಡ್ಡಾಯ ಮಾಡಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ರವಾನೆ ಮೇಲ್ವಿಚಾರಕ